ನಲವತ್ತು ಹೊಟ್ಟೆಗಳ ದಿನಚರಿ

ನಲವತ್ತು ಎಂಬ ಸಂಖ್ಯೆಯನ್ನು ಹೊಟ್ಟೆ ಮೇಷ್ಟ್ರು ಎಲ್ಲಿಂದ ತಂದರು ಎಂದು ಆಮೇಲೆ ಬಹಳ ಮಂದಿ ಕೇಳಿದರು. ವಿಭಾಗದ ಮುಖ್ಯಸ್ಥರು ಕೇಳಿದರು, ಹೆಲ್ತ್ ಇನ್‌ಸ್ಪೆಕ್ಟರು ಕೇಳಿದರು, ಹೆಂಡತಿಯಂತೂ ದಿನಕ್ಕೆರಡು ಸಲ ಕೇಳಿದಳು. ನಿಜ ಹೇಳಬೇಕೆಂದರೆ ಅವರು ಎಲ್ಲಿಂದಲೂ ತರಲಿಲ್ಲ. ಕಂಪ್ಯೂಟರಿನಲ್ಲಿ ತುಂಬುವ ಅರ್ಜಿಯಲ್ಲಿ ಒಂದು ಖಾನೆ ಇತ್ತು: ‘ಈಗಾಗಲೇ ದಿನಚರಿ ಬರೆಯುತ್ತಿರುವ ಸ್ವಯಂಸೇವಕರ ಸಂಖ್ಯೆ’. ಖಾಲಿ ಬಿಟ್ಟರೆ ಅರ್ಜಿ ಮುಂದಿನ ಪುಟಕ್ಕೆ ಹೋಗದು. ಸೊನ್ನೆ ಹಾಕಿದರೆ ಖಾನೆ ಕೆಂಪಾಗಿ ಮಿನುಗುತ್ತಿತ್ತು. ಕೊನೆಯ ಗಡುವಿಗೆ ಹನ್ನೊಂದು ನಿಮಿಷ ಬಾಕಿ. ಬೆರಳು ನಾಲ್ಕನ್ನು ಒತ್ತಿತು. ನಾಲ್ಕೇ ಜನ ಅಂದರೆ ಏನು ಚೆನ್ನ ಎನ್ನಿಸಿ ಪಕ್ಕದಲ್ಲೊಂದು ಸೊನ್ನೆ ಇಟ್ಟರು. ಖಾನೆ ಹಸಿರಾಯಿತು, ಅರ್ಜಿ ಹೋಯಿತು, ಮೇಷ್ಟ್ರು ಎದ್ದು ನೀರು ಕುಡಿದು ಬಂದರು.

ಹೊಟ್ಟೆ ಮೇಷ್ಟ್ರು ಎಂಬುದು ಅವರು ವಾಸವಿದ್ದ ಕಟ್ಟಡದವರು ಇಟ್ಟ ಹೆಸರು. ಅವರ ಹೊಟ್ಟೆಯೇನೂ ದೊಡ್ಡದಲ್ಲ, ಇದೆಯೋ ಇಲ್ಲವೋ ಎಂದು ಹುಡುಕಬೇಕು. ಅವರು ಓದಿದ್ದು ಹೊಟ್ಟೆಯ ಬಗ್ಗೆ. ಆಸ್ಪತ್ರೆಗೆ ಸೇರಿದ ಸಂಶೋಧನಾ ಸಂಸ್ಥೆಯಲ್ಲಿ, ಫ್ರಿಜ್ಜಿಗೂ ಕಿಟಕಿಗೂ ನಡುವೆ ಅವರದೊಂದು ಮೇಜು. ಡಾಕ್ಟರ ಬಳಿಗೆ ಹೋಗದೆ, ಯಾರಿಗೂ ಹೇಳದೆ, ಜನ ಮನೆಯಲ್ಲೇ ನುಂಗಿಕೊಂಡಿರುವ ಹೊಟ್ಟೆಯ ಕಾಯಿಲೆಗಳನ್ನು ಪತ್ತೆ ಹಚ್ಚುವುದು ಅವರ ಸಂಶೋಧನೆ. ನೂರು ಜನ ಸುಖವಾಗಿದ್ದೇವೆ ಅಂದರೆ ಅವರಲ್ಲಿ ಮೂವತ್ತು ಜನ ಸುಖವಾಗಿಲ್ಲ ಎಂಬುದು ಅವರ ಸಿದ್ಧಾಂತ. ಸಿದ್ಧಾಂತವನ್ನು ರುಜುವಾತು ಮಾಡಲು ಬೀಜಧನ ಬೇಕು. ಬೀಜಧನವೆಂದರೆ ಹೊಸದಾಗಿ ಸಂಶೋಧನೆಗಿಳಿದವರಿಗೆ ಮೊದಲ ಹೆಜ್ಜೆ ಇಡಲೆಂದು ಕೊಡುವ ಹಣ. ಹೊಸಬರು ಎಂದರೆ ಪಿಎಚ್‌ಡಿ ಮುಗಿಸಿ ಏಳು ವರ್ಷದೊಳಗಿನವರು. ನಮ್ಮ ಮೇಷ್ಟ್ರ ಕಿವಿಯ ಮೇಲಿನ ಕೂದಲು ನರೆತಿತ್ತು, ಮೂರು ಸಲ ಇದೇ ಅರ್ಜಿ ಹಾಕಿ ಮೂರು ಸಲವೂ ವಿಷಾದಪತ್ರ ಪಡೆದಿದ್ದರು, ಆದರೂ ಕಾಗದದ ಮೇಲೆ ಅವರಿನ್ನೂ ಹೊಸಬರು. ಈ ತಿಂಗಳ ಮೂವತ್ತಕ್ಕೆ ಏಳು ವರ್ಷ ತುಂಬುತ್ತಿತ್ತು. ಮೂವತ್ತೊಂದಕ್ಕೆ ಹಳಬರಾಗುತ್ತಿದ್ದರು. ಹಳಬರಿಗೆ ಬೀಜಧನ ಇಲ್ಲ, ಬೀಜಧನ ತಾರದವರಿಗೆ ಮೇಜೂ ಇಲ್ಲ ಎಂದು ವಿಭಾಗದ ಮುಖ್ಯಸ್ಥರು ಚಹಾ ಕುಡಿಯುತ್ತಾ ಬಹಳ ಮೃದುವಾಗಿ ತಿಳಿಸಿದ್ದರು.

ಐದನೇ ತಾರೀಖು ಪತ್ರ ಬಂತು. ಅರ್ಜಿ ಕೊನೆಯ ಸುತ್ತಿಗೆ ಬಂದಿದೆ, ಇಪ್ಪತ್ತೆರಡರಂದು ಬೆಳಿಗ್ಗೆ ಹತ್ತಕ್ಕೆ ಮೂವರ ಕಮಿಟಿ ಬರುತ್ತದೆ, ತಾವು ತಿಳಿಸಿರುವ ನಲವತ್ತು ಸ್ವಯಂಸೇವಕರ ಹದಿನಾಲ್ಕು ದಿನಗಳ ದಿನಚರಿಗಳನ್ನು ನೋಡಲು ಉತ್ಸುಕವಾಗಿದೆ.

ಮೇಷ್ಟ್ರು ಪತ್ರವನ್ನು ಮಡಿಸಿ ಜೇಬಿಗಿಟ್ಟರು, ಮತ್ತೆ ತೆಗೆದರು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಅಡುಗೆಮನೆಗೂ ಬಾಲ್ಕನಿಗೂ ನಡುವೆ ಹದಿನೇಳು ಸಲ ಓಡಾಡಿದರು. ಹದಿನೆಂಟನೇ ಸಲ ಹೆಂಡತಿ ಅಡ್ಡ ನಿಂತಳು.

"ರೀ, ಏನಾಯ್ತು ಹೇಳಿಬಿಡಿ. ನೆಲ ಸವೆದುಹೋಗುತ್ತೆ."

"ನಲವತ್ತು ಜನ ಬೇಕು."

"ಯಾವಾಗ?"

"ಹೋದ ತಿಂಗಳು."

ಈ ಮಾತು ಪಕ್ಕದ ಕೋಣೆಯಲ್ಲಿದ್ದ ಮಾವನ ಕಿವಿಗೆ ಬಿತ್ತು. ಮಾವ ಎಂದರೆ ಹೆಂಡತಿಯ ತಂದೆ. ದಾಖಲೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಹೊಟ್ಟೆನೋವೆಂದು ಒಂದು ದಿನವೂ ರಜೆ ಹಾಕಿದವರಲ್ಲ ಎಂಬುದು ಅವರ ದೊಡ್ಡ ಹೆಮ್ಮೆ, ಅದನ್ನು ಹೊಸಬರಿಗೆ ಪರಿಚಯವಾದ ಐದು ನಿಮಿಷದೊಳಗೆ ತಿಳಿಸುತ್ತಿದ್ದರು. ಅವರು ಕನ್ನಡಕ ಸರಿಮಾಡಿಕೊಂಡು ಹೊರಗೆ ಬಂದರು.

"ಅಳಿಯಂದ್ರೇ, ಈ ಕಟ್ಟಡದಲ್ಲಿ ಇಪ್ಪತ್ತು ಮನೆ. ಮನೆಗೆ ಇಬ್ಬರು. ಇದಕ್ಕೆ ಯಾಕೆ ಇಷ್ಟು ಓಡಾಟ?"

ಮರುದಿನ ಸಂಜೆ ನಿವಾಸಿಗಳ ಸಂಘದ ಹಾಲಿನಲ್ಲಿ ಸಭೆ ಸೇರಿತು. ಮೇಷ್ಟ್ರು ಮಾತಾಡಲು ನಿಂತರು. ಅವರಿಗೆ ಹೇಳಬೇಕಾದ ವಿಷಯ ಸರಳವಾಗಿತ್ತು: ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ಕು, ಮೇಲೆ ನಂಬರು ಮಾತ್ರ, ಹೆಸರಿಲ್ಲ. ಒಳಗೊಂದು ಪಟ್ಟಿ, ಅದರಲ್ಲಿ ಮಲದ ಏಳು ಚಿತ್ರಗಳು. ಒಂದನೆಯದು ಗೋಲಿಯಂತೆ ಗಟ್ಟಿ, ಏಳನೆಯದು ಬರೀ ನೀರು. ದಿನವೂ ಆದದ್ದನ್ನು ನೋಡಿ, ಹೋಲುವ ಚಿತ್ರದ ನಂಬರು ಬರೆದು, ತಿಂದದ್ದೇನು, ನೋವಿತ್ತೇ, ಉಬ್ಬರವಿತ್ತೇ ಎಂದು ಎರಡು ಸಾಲು ಸೇರಿಸಬೇಕು. ಇಷ್ಟನ್ನು ಅವರು ಸಹೋದ್ಯೋಗಿಗಳ ಮುಂದೆ ನೂರು ಸಲ ಹೇಳಿದ್ದರು. ಎದುರಿಗೆ ಮೂರನೇ ಮಹಡಿಯ ಸಂಗೀತದ ಟೀಚರು ಕೈ ಕಟ್ಟಿ ಕೂತಿದ್ದು ನೋಡಿ ಅವರ ಮಾತು ನೋಟ್‌ಬುಕ್ಕಿನಿಂದ ಮುಂದೆ ಹೋಗಲಿಲ್ಲ. ಕೊನೆಗೆ ಪಟ್ಟಿಯನ್ನು ಗೋಡೆಗೆ ಅಂಟಿಸಿ ಪಕ್ಕಕ್ಕೆ ಸರಿದರು.

ಹಾಲಿನಲ್ಲಿ ತಲೆಗಳು ಒಂದೊಂದಾಗಿ ನೆಲದ ಕಡೆ ಬಾಗಿದವು. ಮಾವ ಎದ್ದರು.

"ನೋಡಿ, ಇದು ಕಟ್ಟಡದ ಮರ್ಯಾದೆ ಪ್ರಶ್ನೆ. ದೊಡ್ಡ ದೊಡ್ಡವರು ಬಂದು ಓದ್ತಾರೆ."

"ಯಾರು ಓದ್ತಾರೆ?" ಎಂದರು ಟೀಚರು.

"ಕಮಿಟಿಯವರು."

"ಹೊರಗಿನವರಾ?"

"ಹೊರಗಿನವರೇ. ಮೂರು ಜನ."

ಟೀಚರು ಪಟ್ಟಿಯನ್ನು ಮತ್ತೊಮ್ಮೆ, ಈ ಸಲ ಸೀರೆಯ ಅಂಗಡಿಯಲ್ಲಿ ಆರಿಸುವವರ ಹಾಗೆ ದೀರ್ಘವಾಗಿ ನೋಡಿದರು. "ಇದರಲ್ಲಿ ಎಲ್ಲಕ್ಕಿಂತ ಒಳ್ಳೇದು ಯಾವುದು?"

ಮೇಷ್ಟ್ರು ಬಾಯ್ಬಿಟ್ಟು ಹೇಳಬಾರದಿತ್ತು. "ವೈಜ್ಞಾನಿಕವಾಗಿ ನೋಡಿದರೆ, ನಾಲ್ಕು," ಎಂದುಬಿಟ್ಟರು.

ನಲವತ್ತು ತಲೆಗಳು ಒಟ್ಟಿಗೆ ಅಲ್ಲಾಡಿದವು. ನೋಟ್‌ಬುಕ್ಕುಗಳು ಐದು ನಿಮಿಷದಲ್ಲಿ ಖಾಲಿಯಾದವು. ನಂಬರ್ ಒಂದನ್ನು ಮಾವ ಪಟ್ಟುಹಿಡಿದು ತಮಗೇ ತೆಗೆದುಕೊಂಡರು.

ಏಳು ದಿನ ಮೇಷ್ಟ್ರು ಕಷ್ಟಪಟ್ಟು ಸುಮ್ಮನಿದ್ದರು. ಎಂಟನೆಯ ದಿನಕ್ಕೆ ಮುಂಚಿನ ಸಂಜೆ, ಅಂದರೆ ಹದಿಮೂರನೇ ತಾರೀಖು, ಒಂದು ಸಲ ನೋಡಿಬಿಡೋಣ ಎಂದು ಮನೆಮನೆಗೆ ಹೋಗಿ ಪುಸ್ತಕಗಳನ್ನು ತಂದರು. ಊಟದ ಮೇಜಿನ ಮೇಲೆ ರಾಶಿ ಹಾಕಿ ಒಂದೊಂದೇ ತೆರೆದರು. ಮೊದಲನೆಯದರಲ್ಲಿ ನಾಲ್ಕು, ನಾಲ್ಕು, ನಾಲ್ಕು. ಎರಡನೆಯದರಲ್ಲೂ ಅದೇ. ಹತ್ತನೆಯದರ ಹೊತ್ತಿಗೆ ಅವರು ಬರೀ ಪುಟ ಮಗುಚತೊಡಗಿದರು. ನಲವತ್ತು ಜನ, ಏಳು ದಿನ, ಇನ್ನೂರ ಎಂಬತ್ತು ನಾಲ್ಕುಗಳು. ನೆಲಮಹಡಿಯ ಟೈಲರು ಪ್ರತಿ ನಾಲ್ಕಿನ ಸುತ್ತ ಬಳ್ಳಿಯ ಚಿತ್ತಾರ ಬಿಡಿಸಿದ್ದ. ಟೀಚರು ‘ಸೂರ್ಯೋದಯಕ್ಕೆ ಸರಿಯಾಗಿ, ತೃಪ್ತಿಕರವಾಗಿ’ ಎಂದು ಷರಾ ಬರೆದಿದ್ದರು. ಎರಡನೇ ಮಹಡಿಯ ಇನ್ಶೂರೆನ್ಸ್ ಏಜೆಂಟರು ಸಹಿ ಹಾಕಿ ಮೊಹರು ಒತ್ತಿದ್ದರು. ಮಾವ ಬುಧವಾರವೇ ಕೂತು ಶನಿವಾರದವರೆಗಿನ ನಾಲ್ಕುಗಳನ್ನು ಮುಂಗಡವಾಗಿ ಬರೆದು ಮುಗಿಸಿದ್ದರೆಂಬುದು ಶಾಯಿಯ ಬಣ್ಣದಲ್ಲೇ ಕಾಣುತ್ತಿತ್ತು. ಇಡೀ ಜಗತ್ತಿನಲ್ಲಿ ಇಷ್ಟು ಆರೋಗ್ಯವಂತ ಕಟ್ಟಡ ಇನ್ನೊಂದಿರಲು ಸಾಧ್ಯವಿರಲಿಲ್ಲ.

"ಮುಗೀತು," ಎಂದರು ಮೇಷ್ಟ್ರು. ಮೇಜಿನ ಸುತ್ತ ಒಂದು ಸುತ್ತು ಹಾಕಿದರು. "ನೂರಕ್ಕೆ ಮೂವತ್ತು ಜನಕ್ಕೆ ತೊಂದರೆ ಇರುತ್ತೆ ಅಂತ ಅರ್ಜೀಲಿ ಬರೆದಿದೀನಿ. ಇಲ್ಲಿ ಒಬ್ಬರಿಗಾದರೂ ಒಂದು ಹುಳಿತೇಗು ಬೇಡವಾ? ಇದನ್ನ ತೋರಿಸಿದರೆ ಕಮಿಟಿಯವರು ಚಹಾನೂ ಕುಡಿಯದೆ ಎದ್ದು ಹೋಗ್ತಾರೆ. ನನಗೆ ಕಾಯಿಲೆಯವರು ಬೇಕು ಕಣೇ, ಕಾಯಿಲೆಯವರು."

"ಅವರು ನಿಜ ಬರೆದಿಲ್ಲ ಅಂತ ನೇರವಾಗಿ ಹೇಳಿ," ಎಂದಳು ಹೆಂಡತಿ.

"ಹೇಗೆ ಹೇಳಲಿ? ಟೀಚರ ಹತ್ತಿರ ಹೋಗಿ, ನಿಮ್ಮದು ನಾಲ್ಕಲ್ಲ ಅನ್ನಲಾ?"

ಮಾವ ತಟ್ಟೆಯ ಮುಂದೆ ಕೂತು ಊಟ ಕೆದಕುತ್ತಿದ್ದವರು ತಲೆಯೆತ್ತಿ ಇಬ್ಬರನ್ನೂ ನೋಡಿದರು. ಕೈ ತೊಳೆದು ತಮ್ಮ ಕೋಣೆಗೆ ಹೋಗಿ ಕಾಗದ ತೆಗೆದರು.

ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿದ್ದವರು ಕಷ್ಟ ಬಂದಾಗ ಏನು ಮಾಡುತ್ತಾರೋ ಮಾವನೂ ಅದನ್ನೇ ಮಾಡಿದರು. ಸುತ್ತೋಲೆ ಹೊರಡಿಸಿದರು. ಬೆಳಿಗ್ಗೆ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಅದು ನಾಲ್ಕು ಪಿನ್ನುಗಳೊಂದಿಗೆ ರಾರಾಜಿಸುತ್ತಿತ್ತು: ‘ಎಲ್ಲ ನಿವಾಸಿಗಳ ಗಮನಕ್ಕೆ. ನಮ್ಮ ಅಳಿಯಂದಿರ ಸಂಶೋಧನೆಗೆ ಬೇಕಾದ ಆರೋಗ್ಯವಂತರ ಸಂಖ್ಯೆ ಭರ್ತಿಯಾಗಿದೆ. ಇಂದಿನಿಂದ ಅಸ್ವಸ್ಥರು ಬೇಕಾಗಿದ್ದಾರೆ. ದಯವಿಟ್ಟು ಸಹಕರಿಸಿ.’

ಮೇಷ್ಟ್ರು ಅದನ್ನು ನೋಡಿದ್ದು ಸಂಜೆ ಕೆಲಸ ಮುಗಿಸಿ ಬಂದಾಗ. ಅಷ್ಟರಲ್ಲಿ ಮಾವ ಪುಸ್ತಕಗಳನ್ನು ಮನೆಮನೆಗೆ ಹಿಂದಿರುಗಿಸಿಯಾಗಿತ್ತು, ಕಟ್ಟಡ ಸಹಕರಿಸಲು ಶುರು ಮಾಡಿತ್ತು. ಮೆಟ್ಟಿಲ ಮೇಲೆ ಟೈಲರು ಎದುರಾದ. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ.

"ಹದಿನೆಂಟು ಸಲ ಆಯ್ತು ಮೇಷ್ಟ್ರೇ," ಎಂದ.

"ಹದಿನೆಂಟಾ? ಇವತ್ತು ಅಂಗಡಿ ತೆಗೆದಿರಲಿಲ್ವಾ?"

"ತೆಗೆದಿದ್ದೆ. ಎರಡು ಬ್ಲೌಸು, ಒಂದು ಪ್ಯಾಂಟು ಹೊಲಿದೆ. ಮಧ್ಯೆ ಮಧ್ಯೆ ಹೋಗಿಬರ್ತಿದ್ದೆ." ಸ್ವಲ್ಪ ಯೋಚಿಸಿ ಕೇಳಿದ, "ಸಾಕಾ? ಮೇಲಿನ ಮನೆಯವರು ಇಪ್ಪತ್ತೆರಡು ಬರೆದಿದಾರಂತೆ."

ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಹೋದರು. ಸುತ್ತೋಲೆಯನ್ನು ಕಿತ್ತು ಜೇಬಿಗೆ ತುರುಕಿಕೊಂಡು ಮತ್ತೆ ಮೇಲೆ ಬಂದರು, ಮತ್ತೆ ಕೆಳಗೆ ಹೋದರು. ಮನೆಮನೆಯ ಬಾಗಿಲು ತಟ್ಟಿ, ಇದೆಲ್ಲ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದು ಬೇಡಿಕೊಂಡರು. ಜನ ಕಣ್ಣು ಮಿಟುಕಿಸಿದರು. ಇಷ್ಟು ದೊಡ್ಡ ವಿದ್ವಾಂಸ ಬಾಯಿಬಿಟ್ಟು ಸುಳ್ಳು ಬರೆಯಿರಿ ಅನ್ನುತ್ತಾನೆಯೇ, ಹೀಗೇ ಹೇಳಬೇಕು ಎಂದುಕೊಂಡರು. ಏಜೆಂಟರು ಮೇಷ್ಟ್ರ ಭುಜ ತಟ್ಟಿ, "ಅರ್ಥವಾಯ್ತು, ನೀವು ನಿಶ್ಚಿಂತೆಯಿಂದಿರಿ," ಎಂದು ಬಾಗಿಲು ಹಾಕಿಕೊಂಡರು. ನಿಶ್ಚಿಂತೆ ಎಂಬ ಪದಾರ್ಥ ಆ ವಾರ ಮೇಷ್ಟ್ರ ಹತ್ತಿರವೂ ಸುಳಿಯಲಿಲ್ಲ.

ಎರಡನೇ ವಾರದ ದಿನಚರಿಗಳಷ್ಟು ಶ್ರೀಮಂತವಾದ ಬರವಣಿಗೆ ಆ ಕಟ್ಟಡದಿಂದ ಹಿಂದೆಂದೂ ಹೊರಟಿರಲಿಲ್ಲ. ಟೀಚರು ತಮ್ಮ ಹೊಟ್ಟೆ ಹೊರಡಿಸುವ ಸದ್ದುಗಳನ್ನು ಆರೋಹಣ ಅವರೋಹಣ ಸಮೇತ ದಾಖಲಿಸಿದರು. ಟೈಲರು ನೋವಿನ ಅಳತೆಯನ್ನು ಇಂಚಿನಲ್ಲಿ ಕೊಟ್ಟ. ಏಜೆಂಟರು ಮೂರು ಬೇರೆ ಬೇರೆ ಕಾಯಿಲೆಗಳನ್ನು ಕ್ರಮಸಂಖ್ಯೆ ಹಾಕಿ ಬರೆದು, ಅದರ ಜೆರಾಕ್ಸು ಮಾಡಿಸಿ, ಒಂದು ವಾರ ರಜೆಗೆಂದು ತಮ್ಮ ಆಫೀಸಿಗೂ ಕಳಿಸಿದರು. ಹೇಗೂ ಬರೆದದ್ದು ದಂಡವಾಗಬಾರದು ಎಂಬುದು ಅವರ ಲೆಕ್ಕ. ಇದೇ ಬೆಂಕಿಗೆ ತುಪ್ಪವಾಯಿತು. ಅವರ ಮ್ಯಾನೇಜರು ಜೆರಾಕ್ಸು ಓದಿ, ‘ನಮ್ಮ ಕಟ್ಟಡದ ನಲವತ್ತೂ ಜನಕ್ಕೆ ಇದೇ ಸ್ಥಿತಿ’ ಎಂಬ ಕೊನೆಯ ಸಾಲಿಗೆ ಬಂದು, ಫೋನೆತ್ತಿ ನಗರಸಭೆಯ ಆರೋಗ್ಯ ಶಾಖೆಗೆ ತಿಳಿಸಿದರು.

ಇಪ್ಪತ್ತರ ಸಂಜೆ ಮೇಷ್ಟ್ರು ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಓದಿದರು. ಓದುತ್ತಾ ಓದುತ್ತಾ ತಲೆ ಕೆಳಗೆ ಹಾಕಿದರು. ನಂಬರ್ ಒಂದನ್ನೂ ತಿರುವಿಹಾಕಿದರು. ಉಳಿದವರ ಮಹಾಕಾವ್ಯಗಳ ನಡುವೆ ಮಾವನದು ಬಹಳ ಸಪ್ಪೆಯಾಗಿತ್ತು. ಸುಳ್ಳು ಹೇಳುವುದರಲ್ಲೂ ಇವರಿಗೆ ಕಚೇರಿಯ ಜಿಪುಣತನ ಎಂದು ಬೇಸರಪಟ್ಟು ಪಕ್ಕಕ್ಕಿಟ್ಟರು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಬಿಳಿ ವ್ಯಾನೊಂದು ನಿಂತಿತು. ಇಳಿದವರು ಹೆಲ್ತ್ ಇನ್‌ಸ್ಪೆಕ್ಟರು. ಕೈಯಲ್ಲಿ ರಟ್ಟಿನ ಪ್ಯಾಡು, ಹಿಂದೆ ಬ್ಲೀಚಿಂಗ್ ಪುಡಿಯ ಚೀಲ ಹೊತ್ತ ಇಬ್ಬರು. ಅವರು ನೇರವಾಗಿ ನೀರಿನ ಟ್ಯಾಂಕಿಗೆ ಮೊಹರು ಹಾಕಿದರು, ನಲ್ಲಿಗಳನ್ನು ಮುಚ್ಚಿಸಿದರು, ಗೇಟಿಗೆ ‘ಒಳಗೆ ಹೋಗಬಾರದು, ಹೊರಗೆ ಬರಬಾರದು’ ಎಂಬ ಬೋರ್ಡು ನೇತುಹಾಕಿದರು. ಆಮೇಲೆ ಮೇಷ್ಟ್ರ ಮನೆಗೆ ಬಂದು ದಿನಚರಿಗಳ ರಾಶಿಯನ್ನು ನೋಡಿದರು. ನಿಂತಲ್ಲೇ ಹತ್ತು ಪುಸ್ತಕ ಓದಿದರು. ಅವರ ಮುಖದಲ್ಲಿ ಭಯ ಮತ್ತು ಸಂತೋಷ ಎರಡೂ ಕಾಣಿಸಿದವು. ಪಾಪ, ಸೊಳ್ಳೆ ಹಿಡಿದೇ ಅರ್ಧ ಆಯುಸ್ಸು ಕಳೆದವರು.

"ಏಳನೇ ದಿನದವರೆಗೆ ಎಲ್ಲಾ ಸರಿ. ಎಂಟನೇ ದಿನ ನಲವತ್ತೂ ಜನ ಒಂದೇ ಸಲ ಮಲಗಿದಾರೆ," ಎಂದರು. "ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ. ಹದಿನಾಲ್ಕನೇ ತಾರೀಖು ನೀರಿಗೆ ಏನು ಬಿತ್ತು?"

"ನೀರಿಗಲ್ಲ ಸಾರ್, ಬೋರ್ಡಿಗೆ," ಎಂದು ಮೇಷ್ಟ್ರು ಜೇಬಿನಿಂದ ಸುತ್ತೋಲೆ ತೆಗೆಯುವಷ್ಟರಲ್ಲಿ ಇನ್‌ಸ್ಪೆಕ್ಟರು ಟ್ಯಾಂಕಿನ ಹತ್ತಿರ ಹೋಗಿಯಾಗಿತ್ತು.

"ನಾಳೆ ಹತ್ತು ಗಂಟೆಗೆ ನಾನು ಲ್ಯಾಬಿನಲ್ಲಿರಬೇಕು," ಎಂದು ಹಿಂದೆಯೇ ಓಡಿದರು ಮೇಷ್ಟ್ರು.

"ಯಾರೂ ಎಲ್ಲೂ ಹೋಗೋ ಹಾಗಿಲ್ಲ. ಪುಸ್ತಕಗಳು ಸಾಕ್ಷ್ಯ, ಅವೂ ಎಲ್ಲೂ ಹೋಗೋ ಹಾಗಿಲ್ಲ."

ಮೇಷ್ಟ್ರು ಗೇಟಿನ ಒಳಗಿನಿಂದಲೇ ಮುಖ್ಯಸ್ಥರಿಗೆ ಫೋನು ಮಾಡಿದರು. ಅವರು ಆಮೇಲೆ ಮಾತಾಡುತ್ತೇನೆಂದು ಫೋನಿಟ್ಟರು. ಅರ್ಧ ಗಂಟೆಗೆ ತಾವೇ ತಿರುಗಿ ಫೋನು ಮಾಡಿ, ಕಮಿಟಿಯ ಅಧ್ಯಕ್ಷೆಗೆ ವಿಷಯ ತಿಳಿಸಿದ್ದಾಗಿಯೂ, ಅವರು ಹಳೆಯ ಕಾಲದ ಹೊಟ್ಟೆಯ ಡಾಕ್ಟರೆಂದೂ, ನಲವತ್ತು ಜನ ಮಲಗಿದ್ದಾರೆ ಎಂದರೆ ಲ್ಯಾಬಿಗೆ ಯಾಕೆ, ಅಲ್ಲಿಗೇ ಬರುತ್ತೇವೆ ಅಂದರೆಂದೂ ತಿಳಿಸಿದರು. ಮೇಷ್ಟ್ರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ, ಎರಡಕ್ಕೂ ಪುರುಸೊತ್ತಿರಲಿಲ್ಲ.

ಇಪ್ಪತ್ತೆರಡರ ಬೆಳಿಗ್ಗೆ ಸಂಘದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಎರಡು ಸಾಲು ಹಾಕಿದ್ದರು. ಬಲಗಡೆ ಕಮಿಟಿಯ ಮೂವರು, ನಡುವೆ ಅಧ್ಯಕ್ಷೆ: ಬಿಳಿ ಕೂದಲು, ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಎಡಗಡೆ ಇನ್‌ಸ್ಪೆಕ್ಟರು, ಅವರ ಮುಂದೆ ನಲವತ್ತು ಪುಸ್ತಕ. ನಡುವೆ ಕಟ್ಟಡದ ಜನ ಕಿಕ್ಕಿರಿದು ನಿಂತಿದ್ದರು. ಮೇಷ್ಟ್ರು ಒಂದು ಕಡೆ ನಿಲ್ಲಲಾರದೆ ಎರಡೂ ಕಡೆ ನೀರಿನ ಬಾಟಲಿ ಹಂಚುತ್ತಿದ್ದರು.

ಇನ್‌ಸ್ಪೆಕ್ಟರು ಎದ್ದು ನಿಂತರು. "ವ್ಯಾನು ಹೊರಗಿದೆ. ಭೇದಿ, ವಾಂತಿ, ಹೊಟ್ಟೆನೋವು ಇರೋರನ್ನ ಈಗಲೇ ಐಸೊಲೇಶನ್ ವಾರ್ಡಿಗೆ ಕರ್ಕೊಂಡು ಹೋಗ್ತೀನಿ. ಕನಿಷ್ಠ ಹತ್ತು ದಿನ. ಆರಾಮಾಗಿರೋರು ಮನೇಲಿರಬಹುದು. ಈಗ ಹೇಳಿ, ಯಾರಿಗೆ ತೊಂದರೆ ಇದೆ?"

ಟೈಲರನ ಕೈ ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯಿತು.

"ನನಗೇನಿಲ್ಲ ಸಾರ್. ಕಲ್ಲು ತಿಂದರೂ ಅರಗುತ್ತೆ."

"ನನಗೂ ಏನಿಲ್ಲ," ಎಂದರು ಟೀಚರು. "ಯಾವತ್ತೂ ಇರಲಿಲ್ಲ."

ಕ್ಷಣಾರ್ಧದಲ್ಲಿ ಕಟ್ಟಡಕ್ಕೆ ಕಟ್ಟಡವೇ ಗುಣವಾಯಿತು. ಆಗ ಬಲಗಡೆಯಿಂದ ಅಧ್ಯಕ್ಷೆ ಕೇಳಿದರು, "ಹಾಗಾದರೆ ಈ ಅಧ್ಯಯನದಲ್ಲಿ ಹೊಟ್ಟೆಯ ತೊಂದರೆ ಇರೋ ಸ್ವಯಂಸೇವಕರು ಯಾರೂ ಇಲ್ಲವಾ?"

ಜನ ಮೇಷ್ಟ್ರ ಮುಖ ನೋಡಿದರು. ಪಾಪ, ಅವರ ಅನ್ನದ ಪ್ರಶ್ನೆ. ಟೈಲರನ ಕೈ ಮತ್ತೆ ಹೊಟ್ಟೆಗೆ ಬಂತು.

"ಇದೀವಿ ಅಮ್ಮಾ. ಹದಿನೆಂಟು ಸಲ."

"ಏನಂದ್ರಿ?" ಎಂದು ಎಡಗಡೆಯಿಂದ ಇನ್‌ಸ್ಪೆಕ್ಟರು.

"ನಿಮಗಲ್ಲ ಸಾರ್, ಅವರಿಗೆ ಹೇಳಿದ್ದು. ನಿಮ್ಮ ಕಡೆಗೆ ನಾನು ಆರಾಮಾಗೇ ಇದೀನಿ."

"ನೀವು ಮೊದಲು ಒಂದು ಕಡೆ ನಿಂತ್ಕೊಳ್ಳಿ."

"ಯಾವ ಕಡೆ ನಿಂತರೆ ಮೇಷ್ಟ್ರಿಗೆ ಅನುಕೂಲ?"

ಏಜೆಂಟರು ಮುಂದೆ ಬಂದು, ತಮ್ಮ ಮೂರು ಕಾಯಿಲೆಗಳಲ್ಲಿ ಒಂದು ಮಾತ್ರ ಉಳಿದಿದೆ, ಅದೂ ಸೋಮವಾರದವರೆಗೆ, ರಜೆ ಅಲ್ಲಿಯವರೆಗೇ ಇರುವುದು ಎಂದು ಸ್ಪಷ್ಟಪಡಿಸಿದರು. ಟೀಚರು, ಕಮಿಟಿಯವರು ಬಯಸಿದರೆ ಸದ್ದುಗಳನ್ನು ಹಾಡಿ ತೋರಿಸುವುದಾಗಿ ಹೇಳಿದರು. ಕಮಿಟಿಯ ಜೊತೆ ಬಂದಿದ್ದ ವಿಭಾಗದ ಮುಖ್ಯಸ್ಥರು ಗೋಡೆಯ ಕಡೆ ತಿರುಗಿ ನಿಂತರು. ಇನ್‌ಸ್ಪೆಕ್ಟರು ಪ್ಯಾಡಿನಲ್ಲಿ ಬರೆದದ್ದನ್ನು ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿದರು.

ಮೇಷ್ಟ್ರ ಕೈಯಲ್ಲಿದ್ದ ಬಾಟಲಿ ಕೆಳಗೆ ಬಿತ್ತು. ಹದಿನೇಳು ದಿನದಿಂದ ಓಡುತ್ತಿದ್ದ ಕಾಲುಗಳು ಅಲ್ಲೇ ನಿಂತವು.

"ನಾನು ಹೇಳ್ತೀನಿ," ಎಂದರು. "ಇವರದ್ದೇನೂ ತಪ್ಪಿಲ್ಲ. ಅರ್ಜಿ ಹಾಕುವಾಗ ನನ್ನ ಹತ್ತಿರ ಒಬ್ಬರೂ ಇರಲಿಲ್ಲ. ಖಾನೆ ಖಾಲಿ ಬಿಡೋಕಾಗದೆ ನಲವತ್ತು ಅಂತ ಹಾಕಿದೆ. ಮೊದಲನೇ ವಾರ ಇವರು ಮರ್ಯಾದೆಗೆ ಬರೆದರು, ಎರಡನೇ ವಾರ ನನಗೋಸ್ಕರ ಬರೆದರು. ಕಾಯಿಲೆ ಯಾರಿಗೂ ಇಲ್ಲ. ನಲವತ್ತೂ ಸುಳ್ಳು. ಮೊದಲನೇ ಸುಳ್ಳು ನನ್ನದು."

ಇಷ್ಟು ಹೇಳಿ ಅವರು ಕುರ್ಚಿ ಹುಡುಕಿದರು. ಇರಲಿಲ್ಲ. ಗೋಡೆಗೆ ಒರಗಿದರು. ಏಳು ವರ್ಷ ಇಲ್ಲಿಗೆ ಮುಗಿದುಹೋಯಿತು ಎಂದುಕೊಂಡರು.

ಅಧ್ಯಕ್ಷೆ ಕುರ್ಚಿ ಹಿಂದಕ್ಕೆ ಸರಿಸಿದರು. ಎದ್ದು ಎಡಗಡೆಗೆ ಹೋಗಿ, ಇನ್‌ಸ್ಪೆಕ್ಟರ ಮುಂದಿನ ರಾಶಿಯಿಂದ ಒಂದೊಂದೇ ಪುಸ್ತಕ ಎತ್ತಿ, ಎರಡನೇ ವಾರದ ಪುಟಗಳನ್ನು ಮಾತ್ರ ನೋಡಿ, ಕೆಳಗಿಟ್ಟರು. ಕೆಲವು ಕಡೆ ನಕ್ಕರು. ಒಂದು ಪುಸ್ತಕದಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಮೂವತ್ತೊಂಬತ್ತು ಸುಳ್ಳು, ಒಪ್ಪಿದೆ. ಇದು ಯಾರದ್ದು? ನಂಬರ್ ಒಂದು."

"ಅದು ಎಲ್ಲಕ್ಕಿಂತ ದೊಡ್ಡ ಸುಳ್ಳು ಮೇಡಂ," ಎಂದರು ಮೇಷ್ಟ್ರು. "ನಮ್ಮ ಮಾವನದ್ದು. ಸುತ್ತೋಲೆ ಹಾಕಿದ್ದೇ ಅವರು."

ಅಧ್ಯಕ್ಷೆ ಓದಿದರು. ದನಿ ಎತ್ತರವೇನಿರಲಿಲ್ಲ, ಆದರೂ ಹಾಲಿನ ಕೊನೆಯವರೆಗೆ ಕೇಳಿಸಿತು. "ಎಂಟನೇ ದಿನ. ಬೆಳಿಗ್ಗೆ ನಾಲ್ಕೂ ಹತ್ತಕ್ಕೆ ಎಚ್ಚರ. ಇಪ್ಪತ್ತೈದು ನಿಮಿಷ ಕುಳಿತೆ. ಎರಡನೇ ಚಿತ್ರ. ಸ್ವಲ್ಪ ಕೆಂಪು. ಹತ್ತನೇ ದಿನ. ಎರಡು ತುತ್ತಿಗೆ ಸಾಕೆನ್ನಿಸಿತು. ಉಳಿದದ್ದನ್ನು ಮಗಳು ನೋಡದ ಹಾಗೆ ಕವರಿಗೆ ಹಾಕಿದೆ. ಹನ್ನೆರಡನೇ ದಿನ. ಬೆಲ್ಟಿಗೆ ಇನ್ನೊಂದು ತೂತು. ಹದಿಮೂರನೇ ದಿನ. ಏನೂ ಇಲ್ಲ. ಹದಿನಾಲ್ಕನೇ ದಿನ. ಕೆಂಪು." ಪುಸ್ತಕ ಮುಚ್ಚಿದರು. "ಸುಳ್ಳು ಬರೆಯೋರು ಯಾರೂ ಒಂದು ದಿನವನ್ನೂ ಏನೂ ಇಲ್ಲ ಅಂತ ಬಿಡಲ್ಲ."

ಮೇಷ್ಟ್ರು ಮಾವನನ್ನು ಹುಡುಕಿದರು. ಮಾವ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದರು. ಅಂಗಿ ಅವರಿಗೆ ಎರಡು ಅಳತೆ ದೊಡ್ಡದಾಗಿತ್ತು. ದಿನವೂ ಒಂದೇ ಮೇಜಿನಲ್ಲಿ ಎದುರಿಗೆ ಕೂತು ಉಂಡವರು, ಹೊಟ್ಟೆಯ ಮೇಲೆ ಪಿಎಚ್‌ಡಿ ಮಾಡಿದವರು, ಅದನ್ನು ಈಗ ನೋಡಿದರು. ಅವರಿಗೆ ನಾಚಿಕೆಯಾಯಿತು, ಅಂಥ ನಾಚಿಕೆ ಅವರಿಗೆ ಹಿಂದೆಂದೂ ಆಗಿರಲಿಲ್ಲ.

"ಅದೂ ಅಳಿಯಂದಿರಿಗೋಸ್ಕರ ಬರೆದದ್ದೇ," ಎಂದರು ಮಾವ. "ಸುಮ್ಮನೆ."

"ಬೆಲ್ಟಿಗೆ ಒಟ್ಟು ಎಷ್ಟು ತೂತು ಮಾಡಿದೀರಿ?" ಎಂದು ಕೇಳಿದರು ಅಧ್ಯಕ್ಷೆ, ಪೋಸ್ಟಾಫೀಸಿನಲ್ಲಿ ಸ್ಟಾಂಪು ಕೇಳುವವರ ಹಾಗೆ ಸಾಧಾರಣವಾಗಿ.

ಮೂವತ್ತನಾಲ್ಕು ವರ್ಷ ದಾಖಲೆ ಕಾಯ್ದವರು. ಸಂಖ್ಯೆ ಕೇಳಿದರೆ ತಪ್ಪು ಹೇಳುವುದು ಅವರಿಂದಾಗಲಿಲ್ಲ.

"ಮೂರು," ಎಂದರು. "ಮೂರನೇದು ಮೊನ್ನೆ."

ಹೆಂಡತಿ ಜನರನ್ನು ಸರಿಸಿಕೊಂಡು ಹೋಗಿ ಅಪ್ಪನ ತೋಳು ಹಿಡಿದಳು. ಆಮೇಲೆ ಎಲ್ಲ ಬಹಳ ಬೇಗ ನಡೆಯಿತು. ಅಧ್ಯಕ್ಷೆ ಆಸ್ಪತ್ರೆಗೆ ಫೋನು ಮಾಡಿ ಯಾರ ಜೊತೆಗೋ ಗದರುವ ದನಿಯಲ್ಲಿ ಮಾತಾಡಿದರು. ಇನ್‌ಸ್ಪೆಕ್ಟರು, ಹದಿನೆಂಟು ವರ್ಷದ ದೊಡ್ಡ ಸಾಂಕ್ರಾಮಿಕ ಕೈಜಾರಿದ ದುಃಖವನ್ನು ನುಂಗಿಕೊಂಡು, ವ್ಯಾನು ಹೇಗೂ ಬಂದಿದೆ, ಆ ಕಡೆಗೇ ಹೋಗುತ್ತದೆ ಎಂದರು. ಮಾವ ಹಿಂದಿನ ಸೀಟು ಬೇಡವೆಂದು ಹೇಳಿ ಡ್ರೈವರನ ಪಕ್ಕ ಕೂತರು. ಮಗಳು ಅಪ್ಪನ ಬಟ್ಟೆ, ಚಪ್ಪಲಿ ಎಂದು ಮನೆಗೆ ಓಡಿದಳು.

ಮೇಷ್ಟ್ರು ವ್ಯಾನು ಹತ್ತಲು ಕಾಲಿಟ್ಟಾಗ ಅಧ್ಯಕ್ಷೆ ಬಂದರು.

"ಸುಳ್ಳು ಸಂಖ್ಯೆಗೆ ನಾನು ಹಣ ಕೊಡಿಸಲ್ಲ. ಈ ಅರ್ಜಿ ವಾಪಸ್ ತಗೊಳ್ಳಿ. ಮೂವತ್ತಕ್ಕೆ ಇನ್ನೂ ಎಂಟು ದಿನ ಇದೆಯಲ್ಲ, ಇದ್ದದ್ದನ್ನ ಬರೆದು ಮುಂದಿನ ಸುತ್ತಿಗೆ ಕಳಿಸಿ. ಸಿಗುತ್ತೆ ಅಂತ ಹೇಳಲ್ಲ."

"ಇರೋದು ಒಂದೇ ಮೇಡಂ," ಎಂದರು ಮೇಷ್ಟ್ರು.

ಅಧ್ಯಕ್ಷೆ ಆಗಲೇ ಗೇಟಿನ ಕಡೆ ಹೊರಟಿದ್ದರು. ಮೂರು ತಿಂಗಳ ಮೇಲೆ ಬೀಜಧನ ಬಂತು, ಕೇಳಿದ್ದರ ಅರ್ಧದಷ್ಟು ಬಂತು, ಮೇಜೂ ಉಳಿಯಿತು. ಮಾವನ ಆಪರೇಷನ್ನು ಅದಕ್ಕಿಂತ ಬಹಳ ಮೊದಲೇ ಆಯಿತು, ಇನ್ನು ನಾಲ್ಕು ತಿಂಗಳು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆದರೆ ಅಂದು ವ್ಯಾನಿನಲ್ಲಿ ಕೂತಾಗ ಇದೊಂದೂ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮ ಹಣ ಹೋಯ್ತಾ?" ಎಂದು ಮಾವ ಮುಂದಿನ ಸೀಟಿನಿಂದ, ತಿರುಗದೆ ಕೇಳಿದರು.

"ಹೋಗಲಿ ಬಿಡಿ. ಮನೇಲೇ ಇದ್ದೆನಲ್ಲ ಮಾವ. ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳೋದು? ಎಲ್ಲರೂ ಆರಾಮಾಗಿದೀವಿ ಅಂತ ಬರೀತಿದ್ದಾಗ ನಾನೊಬ್ಬನೇ ಹೇಗೆ ಹೇಳಲಿ?" ಮಾವ ಗಾಜಿನಾಚೆ ನೋಡಿದರು. "ಎಲ್ಲರೂ ಸುಳ್ಳು ಕಾಯಿಲೆ ಬರೆಯೋಕೆ ಶುರು ಮಾಡಿದ ಮೇಲೆ ಸ್ವಲ್ಪ ಧೈರ್ಯ ಬಂತು. ಬರೆದು ಕೊಟ್ಟೆ. ನೀವು ಓದ್ತೀರಿ ಅಂದ್ಕೊಂಡೆ."

ಮೇಷ್ಟ್ರು ಮುಂದಕ್ಕೆ ಬಾಗಿದರು. ಕೈ ಚಾಚಿ ಮಾವನ ಭುಜದ ಮೇಲಿಟ್ಟರು. ಮಾವ ಅದನ್ನು ಸರಿಸಲಿಲ್ಲ.

ಹೆಂಡತಿಗಾಗಿ ಕಾಯುತ್ತಿರುವಾಗ ವ್ಯಾನಿನ ಹಿಂದಿನ ಗಾಜನ್ನು ಯಾರೋ ಮೆಲ್ಲಗೆ ತಟ್ಟಿದರು. ಟೈಲರು. ಅತ್ತ ಇತ್ತ ನೋಡಿ ತಲೆ ಒಳಗೆ ಹಾಕಿದ.

"ಮೇಷ್ಟ್ರೇ, ಹದಿನೆಂಟು ಸುಳ್ಳು. ಆದರೆ ಊಟ ಆದಮೇಲೆ ಇಲ್ಲಿ, ಬಲಗಡೆ, ಎರಡು ವರ್ಷದಿಂದ ಹಿಡಿಯುತ್ತೆ. ನಮ್ಮ ಮನೇಲಿ ಗೊತ್ತಿಲ್ಲ. ಜಾಗ ಇದೆಯಾ?"

ಅವನು ಹತ್ತಿ ಮೂಲೆಯಲ್ಲಿ ಕೂರುವಷ್ಟರಲ್ಲಿ ಟೀಚರು ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದರು. ಮಾರುಕಟ್ಟೆಯ ಕಡೆ ಬಿಟ್ಟರೆ ಸಾಕು ಎಂದರು. ವ್ಯಾನು ಮಾರುಕಟ್ಟೆಗೆ ಹೋಗುವುದಿಲ್ಲ ಎಂದು ಡ್ರೈವರು ಹೇಳಿದ. ಗೊತ್ತು ಎಂದು ಹತ್ತಿ ಕೂತರು. ಆಮೇಲೆ ಏಜೆಂಟರ ಹೆಂಡತಿ, ನಾಲ್ಕನೇ ಮಹಡಿಯ ಅಣ್ಣತಮ್ಮಂದಿರಿಬ್ಬರು, ಇನ್ನೂ ಐವರು, ಪ್ರತಿಯೊಬ್ಬರೂ ಒಬ್ಬರೇ ಬಂದವರಂತೆ, ಒಬ್ಬರ ಮುಖ ಒಬ್ಬರು ನೋಡದೆ ಹತ್ತಿದರು. ಕೊನೆಗೆ ಹೆಂಡತಿ ಚೀಲ ಹಿಡಿದು ಓಡಿಬಂದಾಗ ನಿಲ್ಲಲೂ ಜಾಗವಿರಲಿಲ್ಲ. ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು ತಲೆ ಎಣಿಸಿ, ಪ್ಯಾಡಿನ ಹೊಸ ಹಾಳೆ ತಿರುವಿ, ಅನುಮಾನದಿಂದ ಕೇಳಿದರು.

"ಈಗ ನೀವೆಲ್ಲ ಯಾರ ಕಡೆಯವರು?"

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಮೇಷ್ಟ್ರು ಎದ್ದು ತಮ್ಮ ಸೀಟನ್ನು ಹೆಂಡತಿಗೆ ಬಿಟ್ಟುಕೊಟ್ಟು, ಮೇಲಿನ ಕಂಬಿ ಹಿಡಿದುಕೊಂಡರು.

"ನನ್ನ ಕಡೆಯವರು ಸಾರ್," ಎಂದರು. "ಬೇಗ ಹೊರಡಿ."